ಕಡಲತೀರದ ಉದ್ದವೂ ಕದನಗಳ ಲೆಕ್ಕವೂ

ಕಳೆದ ಮಳೆಗಾಲದ ಒಂದು ಶನಿವಾರ, ಉಡುಪಿಯ ಗ್ರಂಥಾಲಯವೊಂದರ ಹಿಂಬದಿಯ ಕೋಣೆಯಲ್ಲಿ ನಾನು ಮತ್ತು ನನ್ನ ಸಂಖ್ಯಾಶಾಸ್ತ್ರ ತರಗತಿಯ ಇಬ್ಬರು ವಿದ್ಯಾರ್ಥಿಗಳು ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿಕೊಂಡು ಕುಳಿತಿದ್ದೆವು. ಪಶ್ಚಿಮ ಘಟ್ಟದ ನಮ್ಮ ಕಡೆ ನಡೆದ ನಕ್ಸಲ್ ಘಟನೆಗಳನ್ನು ಒಂದೊಂದಾಗಿ ಎಕ್ಸೆಲ್ ಹಾಳೆಗೆ ಇಳಿಸುವುದು ಅಂದಿನ ಕೆಲಸ. 2024ರ ನವೆಂಬರ್‌ನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಬಲಿಯಾದ ಸುದ್ದಿಗೆ ಬಂದಾಗ, ಒಬ್ಬಳು ಸ್ಥಳದ ಕಾಲಂನಲ್ಲಿ ‘ಹೆಬ್ರಿ’ ಎಂದು ಬರೆದಿದ್ದಳು, ಇನ್ನೊಬ್ಬ ‘ಪೀತಬೈಲು, ಕಬ್ಬಿನಾಲೆ’ ಎಂದು ಬರೆದಿದ್ದ. ಒಬ್ಬಳದು ಘಟನೆ ನಡೆದ ದಿನಾಂಕ, ಇನ್ನೊಬ್ಬನದು ಸುದ್ದಿ ಅಚ್ಚಾದ ದಿನಾಂಕ. ಎರಡು ಹಾಳೆಗಳನ್ನು ಕೂಡಿಸಿದಾಗ ಒಂದೇ ಸಾವು ಎರಡು ಸಾಲುಗಳಾಗಿ, ಎರಡು ಸಾವುಗಳಾಗಿ ನಿಂತಿತು. ನಾನು ನಗುವ ಹಾಗಿರಲಿಲ್ಲ, ಏಕೆಂದರೆ 2003ರ ನವೆಂಬರ್‌ನಲ್ಲಿ ಕಾರ್ಕಳ ತಾಲ್ಲೂಕಿನ ಈದುವಿನಲ್ಲಿ ಇಬ್ಬರು ಯುವತಿಯರು ಹತರಾದ ಘಟನೆಯನ್ನು ಹಿಂದಿನ ವಾರ ನಾನೇ ಇದೇ ರೀತಿ ಎರಡೆರಡು ಸಲ ಬರೆದುಕೊಂಡಿದ್ದೆ.

ಸಶಸ್ತ್ರ ಸಂಘರ್ಷಗಳು ಏಕೆ ಹುಟ್ಟುತ್ತವೆ ಎಂಬ ಪ್ರಶ್ನೆಯನ್ನು ಅಂಕಿ-ಅಂಶಗಳಿಂದ ಬಿಡಿಸಹೊರಟವರೆಲ್ಲ ಮೊದಲು ಎಡವಿದ್ದು ಎಣಿಕೆಯ ಈ ಹೊಸ್ತಿಲಲ್ಲೇ. ಆ ಕೆಲಸಕ್ಕೆ ಆರಂಭದಲ್ಲೇ ಕೈಹಾಕಿದವರಲ್ಲಿ ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್ ಒಬ್ಬರು. ಯುದ್ಧವನ್ನು ಒಪ್ಪದ ಕ್ವೇಕರ್ ಎಂಬ ಕ್ರೈಸ್ತ ಪಂಥದ ಅವರು ಮೊದಲ ಮಹಾಯುದ್ಧದಲ್ಲಿ ಬಂದೂಕು ಹಿಡಿಯಲೊಪ್ಪದೆ ಫ್ರಾನ್ಸಿನಲ್ಲಿ ಆಂಬುಲೆನ್ಸ್ ಓಡಿಸಿದರು. ಹವಾಮಾನವನ್ನು ಗಣಿತದಿಂದ ಮುನ್ಸೂಚಿಸುವ ವಿಧಾನವನ್ನು 1922ರಲ್ಲಿ ಪ್ರಕಟಿಸಿದ ಅವರೇ ಮುಂದೆ ಅದೇ ಶಿಸ್ತನ್ನು ಯುದ್ಧಗಳಿಗೆ ಅನ್ವಯಿಸಿದರು. 1820ರಿಂದ ಈಚಿನ ಮಾರಕ ಜಗಳಗಳನ್ನೆಲ್ಲ ಪಟ್ಟಿ ಮಾಡಿ, ಸತ್ತವರ ಸಂಖ್ಯೆಯ ಲಾಗರಿದಮ್ಮಿನ ಪ್ರಕಾರ, ಅಂದರೆ ಸಾವು ಹತ್ತುಪಟ್ಟಾದಂತೆಲ್ಲ ಒಂದು ಮೆಟ್ಟಿಲು ಏರುವಂತೆ, ಶ್ರೇಣಿ ಕೊಟ್ಟರು: ಒಂದು ಕೊಲೆಗೆ ಸೊನ್ನೆ, ಒಂದು ಕೋಟಿ ಜನ ಸತ್ತ ಯುದ್ಧಕ್ಕೆ ಏಳು. ಯುದ್ಧಗಳು ಆರಂಭವಾಗುವ ವರ್ಷಗಳಲ್ಲಿ ಯಾವ ಲಯವೂ ಇಲ್ಲವೆಂದೂ, ಅವು ಹೆಚ್ಚುಕಡಿಮೆ ದಾಳ ಉರುಳಿಸಿದಂತೆ ಹರಡಿಕೊಂಡಿವೆಯೆಂದೂ ಅವರಿಗೆ ಕಂಡಿತು. ಒಂದು ದೇಶಕ್ಕೆ ನೆರೆಹೊರೆಯ ದೇಶಗಳು ಹೆಚ್ಚಿದ್ದಷ್ಟೂ ಅದು ತೊಡಗಿಕೊಂಡ ಯುದ್ಧಗಳೂ ಹೆಚ್ಚು ಎಂಬುದು ಮಾತ್ರ ಸ್ಪಷ್ಟವಾಗಿತ್ತು.

ಗಡಿಗಳ ಉದ್ದವನ್ನು ತಿಳಿಯಲು ಪುಸ್ತಕಗಳನ್ನು ತೆರೆದಾಗಲೇ ಅವರಿಗೆ ಆ ಪ್ರಸಿದ್ಧ ವಿಚಿತ್ರ ಎದುರಾದದ್ದು. ಸ್ಪೇನ್ ಮತ್ತು ಪೋರ್ಚುಗಲ್ ನಡುವಿನ ಒಂದೇ ಗಡಿ ಸ್ಪೇನಿನ ಲೆಕ್ಕದಲ್ಲಿ 987 ಕಿ.ಮೀ., ಪೋರ್ಚುಗಲ್ಲಿನ ಲೆಕ್ಕದಲ್ಲಿ 1,214 ಕಿ.ಮೀ. ಅಳತೆಗೋಲು ಚಿಕ್ಕದಾದಷ್ಟೂ ಅಂಕುಡೊಂಕುಗಳೆಲ್ಲ ಲೆಕ್ಕಕ್ಕೆ ಬಂದು ಗಡಿ ಉದ್ದವಾಗುತ್ತದೆ. ಕರಾವಳಿಯವರಾದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಶಾಲೆಯಲ್ಲಿ ನಾವು ಬಾಯಿಪಾಠ ಮಾಡಿದ ಭಾರತದ 7,516 ಕಿ.ಮೀ. ಕರಾವಳಿಯನ್ನು ಈಚೆಗೆ ಇನ್ನೂ ಸೂಕ್ಷ್ಮವಾದ ನಕ್ಷೆಗಳಲ್ಲಿ ಅಳೆದು 11,098 ಕಿ.ಮೀ. ಎಂದು ಪರಿಷ್ಕರಿಸಿದ್ದಾರೆ, ಕರ್ನಾಟಕದ ಪಾಲು 280ರಿಂದ 343ಕ್ಕೆ ಏರಿದೆ. ಮಲ್ಪೆಯಲ್ಲಿ ಒಂದು ಗೇಣು ಮರಳೂ ಹೆಚ್ಚಾಗಿಲ್ಲ, ಉಳ್ಳಾಲದಲ್ಲಂತೂ ಕಡಲ್ಕೊರೆತಕ್ಕೆ ಹೋದದ್ದೇ ಹೆಚ್ಚು.

ಯುದ್ಧಗಳ ಎಣಿಕೆಗೂ ಇದೇ ಮಾತು ಸಲ್ಲುತ್ತದೆ ಎಂಬುದು ನನ್ನ ವಾದ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ 1963ರಲ್ಲಿ ಆರಂಭವಾದ ‘ಕಾರಿಲೇಟ್ಸ್ ಆಫ್ ವಾರ್’ ಯೋಜನೆ ಕಾಳಗದಲ್ಲಿ 1,000 ಜನ ಸತ್ತರಷ್ಟೇ ಯುದ್ಧವೆನ್ನುತ್ತದೆ. ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ಸಂಘರ್ಷ ದತ್ತಾಂಶ ಯೋಜನೆಗೆ ಸರ್ಕಾರ ಒಂದು ಪಕ್ಷವಾಗಿರುವ ಕಾದಾಟದಲ್ಲಿ ವರ್ಷಕ್ಕೆ 25 ಸಾವುಗಳು ಸಾಕು. ನಮ್ಮ ಉಡುಪಿ ಜಿಲ್ಲೆಯೊಂದನ್ನೇ ತೆಗೆದುಕೊಂಡರೆ ಯಾವ ವರ್ಷವೂ ಆ 25ರ ಗೆರೆ ದಾಟಿಲ್ಲ. ಆದರೂ ಕಬ್ಬಿನಾಲೆಯ ಸಾವು ಆ ಬಗೆಯ ಲೆಕ್ಕಕ್ಕೆ ಸೇರಲು ಅರ್ಹವಾಗುವುದು, ಛತ್ತೀಸಗಢದಿಂದ ಹಿಡಿದು ದೇಶದ ಉದ್ದಗಲಕ್ಕೂ ಅದೇ ಮಾವೋವಾದಿ ಪಕ್ಷದ ಹೆಸರಿನಲ್ಲಿ ನಡೆದ ಕಾದಾಟದ ಬಾಲವಾಗಿ. ನಮ್ಮ ಘಟ್ಟದ ಗುಂಪು ಬೇರೆಯೇ ಹೆಸರಿನದಾಗಿದ್ದರೆ, ಇದೇ ಕಾಡಿನಲ್ಲಿ ಇದೇ ಸಾವು ಸಂಭವಿಸಿದ್ದರೂ ಆ ಪಟ್ಟಿಯ ಪಾಲಿಗೆ ಇಲ್ಲಿ ಸಂಘರ್ಷವೇ ಇರುತ್ತಿರಲಿಲ್ಲ.

ಅಳತೆಗೋಲು ಬದಲಾದರೆ ಸಿಗುವ ಕಾರಣವೂ ಬದಲಾಗುತ್ತದೆ. ಇಡೀ ದೇಶವನ್ನೇ ಒಂದು ಸಾಲಾಗಿ ಹಿಡಿದ ಅಧ್ಯಯನಗಳಲ್ಲಿ ಹೆಚ್ಚು ಚರ್ಚೆಯಾದವು ಎರಡು. 1945ರಿಂದ 1999ರವರೆಗಿನ 127 ಅಂತರ್ಯುದ್ಧಗಳನ್ನು ನೋಡಿದ ಜೇಮ್ಸ್ ಫಿಯರಾನ್ ಮತ್ತು ಡೇವಿಡ್ ಲೈಟಿನ್, 2003ರಲ್ಲಿ ಹೇಳಿದ್ದು ಹಲವರಿಗೆ ಅಚ್ಚರಿ ತಂದಿತು: ಆದಾಯವನ್ನು ಗಣನೆಗೆ ತೆಗೆದುಕೊಂಡ ಮೇಲೆ, ಜನಾಂಗ-ಧರ್ಮಗಳ ವೈವಿಧ್ಯ ಹೆಚ್ಚಿರುವ ದೇಶದಲ್ಲಿ ಅಂತರ್ಯುದ್ಧದ ಸಂಭವ ಹೆಚ್ಚೇನೂ ಅಲ್ಲ, ಬಡತನ, ದುರ್ಬಲ ಸರ್ಕಾರ, ಗುಡ್ಡಗಾಡು, ದೊಡ್ಡ ಜನಸಂಖ್ಯೆ ಇವೇ ಮುಖ್ಯ. ಪಾಲ್ ಕಾಲಿಯರ್ ಮತ್ತು ಆಂಕೆ ಹೋಫ್ಲರ್ ಮರುವರ್ಷ ಕಚ್ಚಾ ಸರಕಿನ ರಫ್ತಿನ ಮೇಲೆ ಬೆರಳಿಟ್ಟರು. ತಲಾ ಆದಾಯದ ಕಾಲಂ ಎರಡೂ ಕಡೆ ಇದೆ, ಎರಡೂ ಕಡೆ ಅದರ ಪ್ರಭಾವ ದೊಡ್ಡದೇ. ಆದರೆ ಮೊದಲಿನವರು ಅದನ್ನು ಸರ್ಕಾರದ ತ್ರಾಣದ ಗುರುತೆಂದು ಓದಿದರೆ, ಇವರು ಬಂದೂಕು ಹಿಡಿಯುವ ತರುಣ ಕಳೆದುಕೊಳ್ಳುವ ಸಂಬಳವೆಂದು ಓದಿದರು. ಅಂಕಿ ತಾನಾಗಿ ಈ ಜಗಳ ಬಿಡಿಸುವುದಿಲ್ಲ.

ಬಡತನದಿಂದ ಯುದ್ಧವೋ ಯುದ್ಧದಿಂದ ಬಡತನವೋ ಎಂಬ ತೊಡಕನ್ನು ದಾಟಲು ಕೆಲವರು ಮಳೆಯ ಮೊರೆ ಹೋದರು. ಬಂದೂಕಿನ ಮಾತು ಮಳೆ ಕೇಳುವುದಿಲ್ಲವಾದ್ದರಿಂದ, ಆಫ್ರಿಕಾದ 41 ದೇಶಗಳಲ್ಲಿ ಮಳೆ ಕೈಕೊಟ್ಟು ಆದಾಯ ಕುಸಿದ ವರ್ಷಗಳ ಬೆನ್ನಿಗೆ ಸಂಘರ್ಷ ಹೆಚ್ಚಿತೇ ಎಂದು ನೋಡಿದರು. ಹೆಚ್ಚಿದ್ದು ಕಂಡಿತು, ಲೆಕ್ಕದ ವಿಧಾನದ ಬಗ್ಗೆ ಆಮೇಲೆ ತಕರಾರುಗಳೂ ಬಂದವು.

ನನಗೆ ಹೆಚ್ಚು ಹತ್ತಿರವೆನಿಸುವುದು ಕೊಲಂಬಿಯಾದ ಕಾಫಿಯ ಕಥೆ, ಬಹುಶಃ ಪಣಂಬೂರಿನ ಬಂದರಿಗೆ ಕಾಫಿ ಹೊತ್ತು ಘಟ್ಟ ಇಳಿಯುವ ಲಾರಿಗಳನ್ನು ನೋಡುತ್ತ ಬೆಳೆದದ್ದರಿಂದ. ಊರು ಊರಿನ ದತ್ತಾಂಶ ಹಿಡಿದು ಓಯಿಂದ್ರಿಲಾ ದುಬೆ ಮತ್ತು ಹುವಾನ್ ವರ್ಗಾಸ್ 2013ರಲ್ಲಿ ತೋರಿಸಿದಂತೆ, 1990ರ ದಶಕದ ಕೊನೆಯಲ್ಲಿ ಕಾಫಿ ಬೆಲೆ ಕುಸಿದಾಗ ಕಾಫಿ ಬೆಳೆಯುವ ಊರುಗಳಲ್ಲಿ ಹಿಂಸೆ ಹೆಚ್ಚಿತು, ತೈಲದ ಬೆಲೆ ಏರಿದಾಗ ತೈಲ ಸಿಗುವ ಊರುಗಳಲ್ಲಿ ಹಿಂಸೆ ಹೆಚ್ಚಿತು. ಕಾಫಿ ಕೈಕೆಲಸದ ಬೆಳೆ, ಬೆಲೆ ಬಿದ್ದರೆ ಕೂಲಿ ಬೀಳುತ್ತದೆ, ಬಂದೂಕು ಹಿಡಿಯಲು ಜನ ಅಗ್ಗವಾಗಿ ಸಿಗುತ್ತಾರೆ. ತೈಲಕ್ಕೆ ಅಷ್ಟು ಕೈಗಳು ಬೇಡ, ಬೆಲೆ ಏರಿದರೆ ದೋಚುವುದಕ್ಕೆ ಹೆಚ್ಚು ಇರುತ್ತದೆ. ದೇಶವನ್ನು ಒಂದೇ ಸಾಲಾಗಿ ಹಿಡಿದಿದ್ದರೆ ಈ ಎರಡು ಎಳೆಗಳು ಒಂದರೊಳಗೊಂದು ಮುಳುಗಿ ಹೋಗುತ್ತಿದ್ದವು.

ಇದನ್ನು ಹೇಳಿ ಮುಗಿಸುವಷ್ಟರಲ್ಲೇ ಆ ಹುಡುಗಿ ಮಲೆನಾಡಿನ ಮಾತೆತ್ತಿದಳು. ಅದೇ ಹೊತ್ತಿನಲ್ಲಿ ಚಿಕ್ಕಮಗಳೂರಿನಲ್ಲೂ ಕಾಫಿ ನೆಲಕಚ್ಚಿತ್ತು, ಅದರ ಬೆನ್ನಿಗೇ ನಕ್ಸಲರ ಹೆಸರು ಕೇಳಿಬಂತು, ಅಲ್ಲಿಗೆ ಕಾರಣ ಸಿಕ್ಕಿತಲ್ಲವೇ ಎಂದಳು. ಆಕರ್ಷಕವಾದ ಊಹೆ, ನಾನೂ ಅರ್ಧ ದಿನ ಅದನ್ನು ನಂಬಿದ್ದವನೇ. ಆದರೆ ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋದಾಗಲೆಲ್ಲ ನೋಡಬೇಕಾದದ್ದು ಕಾಗೆ ಕೂತರೂ ಮುರಿಯದ ಟೊಂಗೆಗಳನ್ನು. ದೇಶದಲ್ಲೇ ಅತಿ ಹೆಚ್ಚು ಕಾಫಿ ಬೆಳೆಯುವ ಕೊಡಗು ಅದೇ ಬೆಲೆ ಕುಸಿತವನ್ನು ಉಂಡಿತು, ಅಲ್ಲಿ ಆ ವರ್ಷಗಳಲ್ಲಿ ಬಂದೂಕು ಬೇರೂರಲಿಲ್ಲ. ಇತ್ತ ಗುಂಡಿನ ಸದ್ದು ಕೇಳಿದ ಈದು ಕಾಫಿಯ ಊರೇ ಅಲ್ಲ. ಘಟ್ಟದ ಬುಡದ ಈ ಊರುಗಳಲ್ಲಿ ಜನರ ಬಾಯಲ್ಲಿದ್ದ ಮಾತು 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನ ಮತ್ತು ಅಲ್ಲಿನ ಬುಡಕಟ್ಟಿನವರಾದ ಮಲೆಕುಡಿಯರನ್ನು ಕಾಡಿದ ಒಕ್ಕಲೆಬ್ಬಿಸುವಿಕೆಯ ಭಯ. ಹಾಗೆಂದು ಆ ಭಯವನ್ನೇ ಕಾರಣದ ಕಾಲಂಗೆ ಬರೆದುಬಿಡುವುದೂ ಆತುರವೇ, ಏಕೆಂದರೆ ಅದೇ ಉದ್ಯಾನದ ಅಂಚಿನಲ್ಲಿ, ಅದೇ ಭಯದಲ್ಲಿ ಬದುಕಿದ ಎಷ್ಟೋ ಊರುಗಳು ನಮ್ಮ ಹಾಳೆಯಲ್ಲಿ ಇಲ್ಲವೇ ಇಲ್ಲ. ನಾವು ಗುಂಡು ಹಾರಿದ ಊರುಗಳನ್ನಷ್ಟೇ ಬರೆದುಕೊಂಡಿದ್ದೆವು.

ಹಾಳೆಯ ಇನ್ನೊಂದು ದೋಷ ಪತ್ರಿಕೆಗಳದ್ದು. ನಮ್ಮ ಜಿಲ್ಲಾ ಪುಟದಲ್ಲಿ ಅರ್ಧ ಪುಟ ತುಂಬಿದ ಕೂಂಬಿಂಗ್ ಕಾರ್ಯಾಚರಣೆ ಬೆಂಗಳೂರಿನ ಆವೃತ್ತಿಯಲ್ಲಿ ನಾಲ್ಕು ಸಾಲಾಗಿ, ದೆಹಲಿಯ ಇಂಗ್ಲಿಷ್ ಪತ್ರಿಕೆಯಲ್ಲಿ ಮಾಯವಾಗಿರುತ್ತದೆ. ಜಗತ್ತಿನ ದೊಡ್ಡ ದತ್ತಾಂಶಗಳೂ ಬಹುಪಾಲು ಸುದ್ದಿ ವರದಿಗಳನ್ನೇ ಆಧರಿಸಿರುವುದರಿಂದ, ವರದಿಗಾರ ಬೈಕಿನಲ್ಲಿ ತಲುಪಬಲ್ಲ ಊರು ಹೆಚ್ಚು ಹಿಂಸಾತ್ಮಕವಾಗಿ ಕಾಣುವ ಅಪಾಯ ಇದ್ದೇ ಇದೆ. ಉಪ್ಸಲಾದವರು ಇದಕ್ಕೆ ಮಾಡಿಕೊಂಡ ವ್ಯವಸ್ಥೆಯನ್ನು ನಾವೂ ಎರವಲು ಪಡೆದೆವು: ಸಾವಿಗೆ ಕನಿಷ್ಠ, ಹೆಚ್ಚು ನಂಬಬಹುದಾದ ಅಂದಾಜು, ಗರಿಷ್ಠ ಎಂದು ಮೂರು ಕಾಲಂ, ಸ್ಥಳ ಎಷ್ಟು ಖಚಿತ ಎಂಬುದಕ್ಕೆ ಬೇರೆಯೇ ಒಂದು ಅಂಕಿ. ಪೀತಬೈಲಿಗೆ ಒಂದು, ಬರಿಯ ‘ಹೆಬ್ರಿ ಸಮೀಪದ ಕಾಡು’ ಎಂದಿದ್ದರೆ ಎರಡು ಅಥವಾ ಮೂರು.

ಈಗ ನಾವು 2011ರ ಜನಗಣತಿಯ ಗ್ರಾಮಪಟ್ಟಿ ಹಿಡಿದು ಹೆಬ್ರಿ, ಕಾರ್ಕಳ, ಬೆಳ್ತಂಗಡಿ ಕಡೆಯ ಘಟ್ಟದ ಬುಡದ ಹಳ್ಳಿಗಳನ್ನೆಲ್ಲ ವರ್ಷವರ್ಷಕ್ಕೂ ಒಂದೊಂದು ಸಾಲಾಗಿ ಸೇರಿಸುತ್ತಿದ್ದೇವೆ. ಹತ್ತರಲ್ಲಿ ಒಂಬತ್ತಕ್ಕೂ ಮಿಕ್ಕಿದ ಸಾಲುಗಳಲ್ಲಿ ಘಟನೆಯ ಕಾಲಂಗೆ ಸೊನ್ನೆ ಬರೆಯುವುದಷ್ಟೇ ಕೆಲಸ. ಕಳೆದ ವಾರ ಕಿಟಕಿ ಮುಚ್ಚಲು ಬಂದ ಗ್ರಂಥಾಲಯದ ಸಿಬ್ಬಂದಿ ಪರದೆ ನೋಡಿ, ಇಷ್ಟು ಹೊತ್ತು ಕೂತು ಬರೀ ಸೊನ್ನೆ ತುಂಬಿಸಿದ್ದಾ ಮಾರಾಯ್ರೇ ಎಂದರು; ನಾಡ್ಪಾಲಿನ ಸಾಲುಗಳು ಇನ್ನೂ ಬಾಕಿ ಇದ್ದವು.