ಮರಳಿನ ಮೇಲೆ ಗಾಲ್ಫ್

ಮಂಗಳೂರಿನ ಪಿಲಿಕುಳದಲ್ಲಿ ಗಾಲ್ಫ್ ಕಲಿತವನಿಗೆ ಹುಲ್ಲಿನ ಕೊರತೆ ಎಂದರೇನೆಂದು ಗೊತ್ತಿರುವುದಿಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಹುಲ್ಲು ಬೆಳೆಸುವುದು ಕಷ್ಟವಲ್ಲ, ಕತ್ತರಿಸಿ ಮುಗಿಸುವುದು ಕಷ್ಟ. ದಾರಿ ತಪ್ಪಿದ ಚೆಂಡು ಪೊದೆ ಸೇರಿತೆಂದರೆ ಅದರ ಆಸೆ ಬಿಟ್ಟಂತೆಯೇ. ಹಾಗಾಗಿ, ಅಬುಧಾಬಿಯಲ್ಲಿ ಉದ್ಯೋಗದಲ್ಲಿದ್ದ ನನ್ನ ಹೆಂಡತಿಯ ತಮ್ಮ ಒಂದು ಜನವರಿಯ ಬೆಳಿಗ್ಗೆ ಅಲ್ಲಿನ ವಿಮಾನ ನಿಲ್ದಾಣದ ಸಮೀಪದ ಅಲ್ ಘಜಾಲ್ ಗಾಲ್ಫ್ ಕ್ಲಬ್ಬಿಗೆ ಕರೆದೊಯ್ದಾಗ, ಕಾರಿನಿಂದ ಇಳಿದ ನನ್ನ ಕಣ್ಣು ಮೊದಲು ಅರಸಿದ್ದು ಹಸಿರನ್ನೇ. “ನೆಲದಲ್ಲಿ ಹುಡುಕಬೇಡಿ ಭಾವ, ಹುಲ್ಲು ಇಲ್ಲುಂಟು” ಎಂದು ಅವನು ಡಿಕ್ಕಿಯಿಂದ ಕಾಲೊರಸಿನಷ್ಟೂ ದೊಡ್ಡದಲ್ಲದ ಕೃತಕ ಹುಲ್ಲಿನ ತುಂಡೊಂದನ್ನು ತೆಗೆದು ನನ್ನ ಕೈಗಿತ್ತ.

ಮರಳಿನ ಗಾಲ್ಫ್ ನಡೆಯುವುದೇ ಆ ತುಂಡಿನಿಂದ. ಕುಳಿಯತ್ತ ಚೆಂಡು ಸಾಗಬೇಕಾದ ದಾರಿಯಾದ ಫೇರ್‌ವೇ ಎಂದರೆ ಇಲ್ಲಿ ಗೂಟಗಳನ್ನು ನೆಟ್ಟು ಗುರುತು ಮಾಡಿದ, ಒತ್ತಿ ಗಟ್ಟಿಯಾದ ಮರಳಿನ ಪಟ್ಟಿ. ಚೆಂಡು ಅದರೊಳಗೆ ಬಿದ್ದಿದ್ದರೆ ಎತ್ತಿ, ಕೈಯಲ್ಲಿರುವ ತುಂಡನ್ನು ಹಾಸಿ, ಅದರ ಮೇಲಿಟ್ಟು ಹೊಡೆಯಬಹುದು. ಗೂಟಗಳನ್ನು ದಾಟಿತೋ, ಆ ಸವಲತ್ತು ಇಲ್ಲ. ಸಡಿಲ ಮರಳಿನಲ್ಲಿ ಅದು ಹೇಗೆ ಹೂತಿದೆಯೋ ಹಾಗೆಯೇ ಆಡಬೇಕು. ಹುಲ್ಲಿನ ಮೈದಾನದಲ್ಲಿ ಬಂಕರಿಗೆ, ಅಂದರೆ ಮರಳಿನ ಗುಂಡಿಗೆ, ಚೆಂಡು ಬೀಳಿಸಿದವನು ಗೊಣಗುತ್ತಾನೆ. ಇಲ್ಲಿ ನಾನು ಗೊಣಗಿದ್ದಕ್ಕೆ ಸಿಕ್ಕ ಉತ್ತರ, “ಇಡೀ ಜಾಗವೇ ಬಂಕರ್ ಅಲ್ವಾ ಭಾವ, ಒಂದಕ್ಕೆ ಮಾತ್ರ ಬೇಸರ ಯಾಕೆ?”

ಹೊಡೆತದ ಲೆಕ್ಕವೂ ಬೇರೆಯೇ. ಹುಲ್ಲಿನ ಮೇಲೆ ಕೋಲು ಚೆಂಡಿಗಿಂತ ತುಸು ಹಿಂದೆ ತಗುಲಿದರೂ ಮಣ್ಣಿನ ಹೆಂಟೆಯೊಂದು ಏಳುತ್ತದೆ, ಚೆಂಡು ಒಂದಿಷ್ಟು ದೂರವಾದರೂ ಹೋಗುತ್ತದೆ. ಇಲ್ಲಿ ಹಾಗೆ ತಗುಲಿದರೆ ಹುಲ್ಲಿನ ತುಂಡೇ ಹಾರಿ ಚೆಂಡಿಗಿಂತ ಮುಂದೆ ಹೋಗಿ ಬೀಳುತ್ತದೆ, ಆಡಿದವನು ನಡೆದುಹೋಗಿ ಅದನ್ನು ಹೆಕ್ಕಿಕೊಳ್ಳಬೇಕು. ಚೆನ್ನಾಗಿ ತಗುಲಿದ ಚೆಂಡಾದರೋ ಗಟ್ಟಿ ಮರಳಿನ ಮೇಲೆ ಪುಟಿದು, ನಮ್ಮ ತೇವದ ನೆಲದಲ್ಲಿ ಎಂದೂ ಕಾಣದಷ್ಟು ದೂರ ಉರುಳುತ್ತದೆ. ಆ ಉರುಳನ್ನು ಮೊದಲೇ ಎಣಿಸಿ, ಗುರಿಗಿಂತ ಬಹಳ ಹಿಂದೆ ಚೆಂಡು ಇಳಿಸುವುದನ್ನು ನಾನು ಅವನ ಆಟ ನೋಡಿಯೇ ಕಲಿತೆ.

ನನ್ನನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು ಕುಳಿಯ ಸುತ್ತಲಿನ ಜಾಗ. ಹುಲ್ಲಿನ ಅಂಕಣದಲ್ಲಿ ಅದು ‘ಗ್ರೀನ್’, ಇಲ್ಲಿ ‘ಬ್ರೌನ್’. ನುಣ್ಣನೆಯ ಮರಳಿಗೆ ಎಣ್ಣೆ ಬೆರೆಸಿ, ಗಾಳಿಗೆ ಹಾರದಂತೆ ಒತ್ತಿ ಸಮಮಾಡಿದ ಆ ಕಂದು ವೃತ್ತ, ಕೊಯ್ಲಿಗೆ ಮುಂಚೆ ಸೆಗಣಿ ಸಾರಿಸಿದ ನಮ್ಮ ಅಂಗಳದಂತೆ ಕಪ್ಪಗೆ, ಬಿಗಿಯಾಗಿ ಕಾಣುತ್ತಿತ್ತು. ಅದರ ಮೇಲೆ ಹೆಜ್ಜೆಯಿಟ್ಟರೆ ಗುರುತು ಮೂಡುತ್ತದೆ, ಚೆಂಡು ಉರುಳಿದರೂ ತೆಳುವಾದ ಗೆರೆಯೊಂದು ಉಳಿಯುತ್ತದೆ. ಆದ್ದರಿಂದ ಆಡಿ ಮುಗಿಸಿದವರು ಅದನ್ನೆಲ್ಲ ಎಳೆದು ಅಳಿಸಿ, ಹಿಂದೆ ಬರುವವರಿಗೆ ಹೊಸ ನೆಲ ಮಾಡಿಕೊಟ್ಟೇ ಹೊರಡಬೇಕು. ಹುಲ್ಲಿಗೆ ಇರುವಂತೆ ಒಂದು ದಿಕ್ಕಿಗೆ ವಾಲಿದ ಎಳೆಗಳು ಇಲ್ಲಿಲ್ಲವಾದ್ದರಿಂದ ಚೆಂಡನ್ನು ಕುಳಿಗೆ ಮೆಲ್ಲಗೆ ಉರುಳಿಸುವ ಕೋಲಾದ ಪಟರ್‌ನಿಂದ ತಳ್ಳಿದ ಚೆಂಡು ಹಿಡಿದ ದಾರಿಯನ್ನು ಬಿಡುವುದಿಲ್ಲ. ಹುಲ್ಲಿನ ಮೇಲಿಗಿಂತ ಚೆನ್ನಾಗಿ ನಾನು ಪಟ್ ಮಾಡಿದ್ದು ಇಲ್ಲಿಯೇ, ಇದನ್ನು ಪಿಲಿಕುಳದ ಗೆಳೆಯರು ಇನ್ನೂ ನಂಬಿಲ್ಲ.

ಎಣ್ಣೆ ಹಾಕುವ ಈ ಉಪಾಯ ಕೊಲ್ಲಿಯ ತೈಲ ಕಂಪನಿಗಳ ಊರುಗಳಲ್ಲಿ ಹಳೆಯದು. ನೀರಿಲ್ಲದ ಕಡೆ, ಯಥೇಚ್ಛವಾಗಿ ಸಿಗುವ ವಸ್ತುವಿನಿಂದ ಆಟ ಕಟ್ಟಿಕೊಂಡವರ ಕೆಲಸ ಅದು. ಇದೇ ಅಲ್ ಘಜಾಲ್‌ನಲ್ಲಿ 2004ರಲ್ಲಿ ಮರಳು ಗಾಲ್ಫಿನ ವಿಶ್ವ ಚಾಂಪಿಯನ್‌ಷಿಪ್ಪೇ ನಡೆದಿತ್ತು. ಆದರೆ ಅಷ್ಟರಲ್ಲಿ ಆ ದೇಶದ ಗಾಲ್ಫ್ ಹುಲ್ಲಿನ ಕಡೆಗೆ ಹೊರಳಿಯಾಗಿತ್ತು. ದುಬೈಯ ಎಮಿರೇಟ್ಸ್ ಗಾಲ್ಫ್ ಕ್ಲಬ್ 1988ರಲ್ಲಿ ಪೂರ್ತಿ ಹುಲ್ಲಿನ ಮಜ್ಲಿಸ್ ಅಂಕಣವನ್ನು ತೆರೆದಿತ್ತು, ಮರುವರ್ಷವೇ ಅಲ್ಲಿ ಡೆಸರ್ಟ್ ಕ್ಲಾಸಿಕ್ ಪಂದ್ಯಾವಳಿ ಆರಂಭವಾಗಿತ್ತು. ಟಿವಿಯಲ್ಲಿ ಅದರ ಹಸಿರು ಎಷ್ಟೇ ಚೆಂದ ಕಂಡರೂ, ಸಮುದ್ರದ ನೀರನ್ನು ಸಿಹಿಗೊಳಿಸಿಯೋ ಬಳಸಿದ ನೀರನ್ನು ಶುದ್ಧೀಕರಿಸಿಯೋ ಹುಲ್ಲಿಗೆ ಉಣಿಸಬೇಕಾದ ಊರಿನಲ್ಲಿ ನನ್ನ ಒಲವು ಮರಳಿನ ಅಂಕಣದ ಕಡೆಗೇ. ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಮಂಗಳೂರಿನಲ್ಲೇ 2019ರ ಮೇ ತಿಂಗಳಲ್ಲಿ ಊರಿಗೆ ನೀರುಣಿಸುವ ತುಂಬೆ ಅಣೆಕಟ್ಟಿನ ನೀರು ತಗ್ಗಿ, ನಲ್ಲಿಗೆ ಸರದಿ ಬಂದದ್ದನ್ನು ಕಂಡವನು ನಾನು. 100 ಮಿಲಿಮೀಟರೂ ಬೀಳದ ಅಬುಧಾಬಿಯಲ್ಲಿ ಆಟಕ್ಕೆಂದು ಹುಲ್ಲು ಸಾಕುವುದು ನನಗೆ ಸ್ವಲ್ಪ ಅತಿಯೆಂದೇ ತೋರುತ್ತದೆ.

ಪಂದ್ಯವನ್ನು ಗೆದ್ದವನು ಭಾವಮೈದನೇ, ಅದೂ ಸುಲಭವಾಗಿ. ಬಿಸಿಲು ಏರುವ ಮುನ್ನ ಆಟ ಮುಗಿಸಿ ನೆರಳಿಗೆ ಬಂದು ನೋಡಿದರೆ, ನನ್ನ ಏಳನೇ ನಂಬರಿನ ಐಯರ್ನ್ ಎಂಬ ಲೋಹದ ತಲೆಯ ಕೋಲಿನ ಮುಖದ ತುಂಬ ಮರಳು ಎಳೆದ ಗೀರುಗಳು. ಅಲ್ಲಿನ ಆಟಗಾರರು ಇದಕ್ಕೆಂದೇ ಹಳೆಯ ಕೋಲುಗಳ ಒಂದು ಜೊತೆ ಇಟ್ಟುಕೊಂಡಿರುತ್ತಾರಂತೆ. ಈಗ ಕೊಲ್ಲಿಗೆ ಹೊರಟ ಗೆಳೆಯರು ಕೇಳಿದರೆ ನಾನೂ ಹಳೆಯದನ್ನೇ ಒಯ್ಯಲು ಹೇಳುತ್ತೇನೆ, ಪಟರ್ ಒಂದನ್ನು ಬಿಟ್ಟು. ಬ್ರೌನಿನ ನುಣುಪಿನ ಮೇಲೆ ಅದಕ್ಕೆ ಯಾವ ಅಪಾಯವೂ ಇಲ್ಲ.