ಉತ್ತರ ಕನ್ನಡ ಒಬ್ಬರನ್ನೇ ಮತ್ತೆ ಮತ್ತೆ ಲೋಕಸಭೆಗೆ ಕಳಿಸುವುದೇಕೆ?

ನಾನು ಉತ್ತರ ಕನ್ನಡ ಜಿಲ್ಲೆಯವನೆಂದು ತಿಳಿದೊಡನೆ, ರಾಜಕೀಯದಲ್ಲಿ ಆಸಕ್ತಿಯಿರುವ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ: ‘ಒಳ್ಳೆಯ ಆಸ್ಪತ್ರೆ ಇಲ್ಲ, ಹುಬ್ಬಳ್ಳಿ–ಅಂಕೋಲಾ ರೈಲು ಬರಲಿಲ್ಲ ಎಂದು ದೂರುವವರೂ ನೀವೇ, ಆದರೂ ಒಬ್ಬರನ್ನೇ ಮತ್ತೆ ಮತ್ತೆ ಲೋಕಸಭೆಗೆ ಆರಿಸುತ್ತೀರಲ್ಲ, ಏಕೆ?’

ಪ್ರಶ್ನೆಯಲ್ಲಿ ಹುರುಳಿದೆ. 1952ರಿಂದ 2024ರವರೆಗೆ ಈ ಕ್ಷೇತ್ರ ಕಂಡ 18 ಸಾರ್ವತ್ರಿಕ ಚುನಾವಣೆಗಳ ಪೈಕಿ 13ರಲ್ಲಿ ಗೆದ್ದವರು ಮೂವರೇ. ಜೋಕಿಮ್ ಆಳ್ವ ಮೂರು ಬಾರಿ, ಜಿ. ದೇವರಾಯ ನಾಯ್ಕರು ನಾಲ್ಕು ಬಾರಿ, ಅನಂತಕುಮಾರ ಹೆಗಡೆ ಆರು ಬಾರಿ. ಉಳಿದ ಐದು ಗೆಲುವುಗಳು ಐದು ಮಂದಿಗೆ ಹಂಚಿಹೋಗಿವೆ. ಇದನ್ನು ನೋಡಿದವರು ಇಲ್ಲಿಯ ಮತದಾರರಿಗೆ ಪ್ರಶ್ನಿಸುವ ಅಭ್ಯಾಸವೇ ಇಲ್ಲ ಎಂದು ತೀರ್ಮಾನಿಸಿಬಿಡುತ್ತಾರೆ. ಆ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಇಲ್ಲಿಯ ಜನ ಸಂಸದರ ಚುನಾವಣೆಯಲ್ಲಿ ಒಂದು ಕಾಲದ ದೊಡ್ಡ ಪ್ರಶ್ನೆಗೆ ಉತ್ತರ ಕೊಡುತ್ತಾರೆ. ದಿನನಿತ್ಯದ ಅಸಮಾಧಾನದ ಲೆಕ್ಕವನ್ನು ಶಾಸಕರ ಮೇಲೆ ತೀರಿಸುತ್ತಾರೆ. ಆ ದೊಡ್ಡ ಪ್ರಶ್ನೆ ಬದಲಾಗುವವರೆಗೆ ಸಂಸದರೂ ಬದಲಾಗುವುದು ಅಪರೂಪ.

ಮೊದಲ ಮೂರು ಚುನಾವಣೆಗಳ ಕಾಲದಲ್ಲಿ ಆ ಪ್ರಶ್ನೆ ಸ್ವಾತಂತ್ರ್ಯ ಹೋರಾಟದ ಋಣದ್ದಾಗಿತ್ತು. 1952ರಲ್ಲಿ ಈ ಜಿಲ್ಲೆ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದ ಮೇಲಷ್ಟೇ ಮೈಸೂರು ರಾಜ್ಯಕ್ಕೆ ಸೇರಿತು. ಜೋಕಿಮ್ ಆಳ್ವ ಉಡುಪಿ ಕಡೆಯವರು, ಮುಂಬಯಿಯಲ್ಲಿ ಪತ್ರಕರ್ತರಾಗಿದ್ದವರು, ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆವಾಸ ಕಂಡವರು. ಜಿಲ್ಲೆಯ ಹೊರಗಿನವರು, ಅದರಲ್ಲೂ ಇಲ್ಲಿ ಅಲ್ಪಸಂಖ್ಯಾತರಾದ ಕ್ರೈಸ್ತ ಸಮುದಾಯದವರು ಮೂರು ಬಾರಿ ಗೆದ್ದರೆಂಬುದು ಇಂದಿನವರಿಗೆ ಆಶ್ಚರ್ಯವೆನಿಸಬಹುದು. ಆದರೆ ಉಪ್ಪಿನ ಸತ್ಯಾಗ್ರಹಕ್ಕೂ ಕರನಿರಾಕರಣೆಗೂ ಮನೆಮಠ ಕಳೆದುಕೊಂಡ ಅಂಕೋಲಾ, ಸಿದ್ದಾಪುರಗಳ ಸೀಮೆಯಲ್ಲಿ ಕಾಂಗ್ರೆಸ್ ಎಂಬ ಹೆಸರಿಗೆ ಅಂದು ಇದ್ದ ತೂಕವೇ ಬೇರೆ. ಅಭ್ಯರ್ಥಿ ಯಾವ ಊರಿನವರು ಎಂದು ಯಾರೂ ಹೆಚ್ಚು ವಿಚಾರಿಸುತ್ತಿರಲಿಲ್ಲ.

1967ರಲ್ಲಿ ಆ ತೂಕ ಸೋತಿತು. ಮೈಸೂರು ರಾಜ್ಯದ ಬಹುಪಾಲು ಸ್ಥಾನಗಳನ್ನು ಕಾಂಗ್ರೆಸ್ಸೇ ಗೆದ್ದ ಆ ಚುನಾವಣೆಯಲ್ಲಿ ಈ ಕ್ಷೇತ್ರ ಮಾತ್ರ ಪಕ್ಷೇತರರಾಗಿ ನಿಂತ ದಿನಕರ ದೇಸಾಯಿಯವರನ್ನು ಆರಿಸಿತು. ಕನ್ನಡ ನಾಡಿಗೆ ಅವರು ಚುಟುಕಗಳ ಕವಿಯೆಂದೇ ಪರಿಚಿತರು. ನಮ್ಮ ಜಿಲ್ಲೆಯ ಗೇಣಿದಾರರಿಗೆ ಮಾತ್ರ ಅವರು ಮೊದಲು ರೈತಕೂಟದ ನಾಯಕರು, ಆಮೇಲೆ ಕವಿ. ಅಂಕೋಲಾ, ಕುಮಟಾ, ಹೊನ್ನಾವರಗಳ ಗದ್ದೆಗಳಲ್ಲಿ ಹಾಲಕ್ಕಿ ಒಕ್ಕಲಿಗರು, ನಾಮಧಾರಿಗಳು ಮತ್ತು ಇತರ ಒಕ್ಕಲುಗಳು ತಲೆಮಾರುಗಳಿಂದ ಬೆವರು ಸುರಿಸುತ್ತಿದ್ದರೂ, ಕೊಯ್ಲಿನ ಕೊನೆಗೆ ಕಣದಲ್ಲಿ ಭತ್ತ ಅಳೆಯುವಾಗ ಗೇಣಿಯ ಪಾಲು ಮೊದಲು ಒಡೆಯರ ಕಡೆಗೆ ಹೋಗುತ್ತಿತ್ತು. ಆ ಒಕ್ಕಲುಗಳನ್ನು ಸಂಘಟಿಸಿದ್ದಕ್ಕಾಗಿ ಬ್ರಿಟಿಷ್ ಸರ್ಕಾರ ದೇಸಾಯಿಯವರಿಗೆ ಜಿಲ್ಲೆಗೆ ಕಾಲಿಡದಂತೆ ನಿರ್ಬಂಧ ಹಾಕಿತ್ತು. ಸ್ವಾತಂತ್ರ್ಯಾನಂತರ 1953ರಲ್ಲಿ ಅವರು ಸ್ಥಾಪಿಸಿದ ಕೆನರಾ ವೆಲ್‌ಫೇರ್ ಟ್ರಸ್ಟ್ ಜಿಲ್ಲೆಯ ಹಳ್ಳಿಹಳ್ಳಿಗೆ ಹೈಸ್ಕೂಲು ತಂದಿತು. ಆದ್ದರಿಂದ 1967ರ ಫಲಿತಾಂಶವನ್ನು ಒಬ್ಬ ಜನಪ್ರಿಯ ವ್ಯಕ್ತಿಯ ಗೆಲುವು ಎಂದು ಮಾತ್ರ ಓದುವುದು ಸಾಲದು. ಭೂಮಿ ಯಾರದು ಎಂಬ ಪ್ರಶ್ನೆ ಈ ಕ್ಷೇತ್ರದ ಮತಪೆಟ್ಟಿಗೆಗೆ ಬಂದ ಗಳಿಗೆ ಅದು.

ಆ ಪ್ರಶ್ನೆಗೆ ಶಾಸನದ ರೂಪದ ಉತ್ತರ ಕೊಟ್ಟದ್ದು ದೇವರಾಜ ಅರಸರ ಸರ್ಕಾರ. 1974ರಲ್ಲಿ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದಾಗ, ತಾವು ಉಳುವ ಭೂಮಿಯ ಒಡೆತನ ಕೋರಿ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ತುಂಬಿ ಭೂನ್ಯಾಯಮಂಡಳಿಯ ಮುಂದೆ ನಿಂತರು. ‘ಡಿಕ್ಲರೇಶನ್ ಕೊಟ್ಟದ್ದು’ ಎಂದೇ ನಮ್ಮ ಕಡೆಯ ಹಿರಿಯರು ಅದನ್ನು ಕರೆಯುತ್ತಾರೆ. ಆ ಅರ್ಜಿಯ ಪ್ರತಿ ಮತ್ತು ಮಂಡಳಿಯ ಆದೇಶದ ಕಾಗದವನ್ನು ದೇವರ ಪಟದ ಹಿಂದೆಯೋ ಟ್ರಂಕಿನ ತಳದಲ್ಲೋ ಜತನವಾಗಿಟ್ಟ ಮನೆಗಳು ಈಗಲೂ ಇವೆ. 1971ರಲ್ಲಿ ಬಿ.ವಿ. ನಾಯಕರ ಮೂಲಕ ಕಾಂಗ್ರೆಸ್ಸಿಗೆ ಮರಳಿದ್ದ ಕ್ಷೇತ್ರ, ಉತ್ತರ ಭಾರತದಲ್ಲಿ ಆ ಪಕ್ಷ ನೆಲಕಚ್ಚಿದ 1977ರಲ್ಲೂ ಬಿ.ಪಿ. ಕದಂ ಅವರನ್ನು ಗೆಲ್ಲಿಸಿತು. ಕರ್ನಾಟಕದ 28 ಸ್ಥಾನಗಳಲ್ಲಿ 26 ಅಂದು ಕಾಂಗ್ರೆಸ್ಸಿನದಾದವು. ಅದರ ಬೆನ್ನಿಗೇ 1980, 1984, 1989 ಮತ್ತು 1991ರಲ್ಲಿ ದೇವರಾಯ ನಾಯ್ಕರು ಗೆದ್ದರು. ಆ ನಾಲ್ಕು ಗೆಲುವುಗಳ ಬುಡದಲ್ಲಿ ನಮೂನೆ 7 ಇದೆಯೆಂದೇ ನನ್ನ ಅಭಿಪ್ರಾಯ. 1989ರಲ್ಲಿ ಶಿವರಾಮ ಕಾರಂತರು ಕೈಗಾ ಅಣುಸ್ಥಾವರವನ್ನು ವಿರೋಧಿಸಿ ತಮ್ಮ ಇಳಿವಯಸ್ಸಿನಲ್ಲಿ ಇಲ್ಲಿಂದಲೇ ಸ್ಪರ್ಧಿಸಿದ್ದರು. ಅವರಷ್ಟು ದೊಡ್ಡ ಹೆಸರೂ ಆ ಕೃತಜ್ಞತೆಯ ಮತಗಳನ್ನು ಕದಲಿಸಲಾಗಲಿಲ್ಲ.

1996ರಲ್ಲಿ ಎಲ್ಲವೂ ಬದಲಾಯಿತು. ಭೂಮಿ ಸಿಕ್ಕಿದವರ ಮಕ್ಕಳು ಅಷ್ಟರಲ್ಲಿ ಮತದಾರರಾಗಿದ್ದರು; ಅವರಿಗೆ ಗೇಣಿ ಎಂಬುದು ಅಪ್ಪ ಹೇಳುವ ಕಥೆ. ಅದೇ ವೇಳೆಗೆ ಅಯೋಧ್ಯೆಯ ಆಂದೋಲನ ನಡೆಯಿತು, 1993ರಲ್ಲಿ ಭಟ್ಕಳ ತಿಂಗಳುಗಟ್ಟಲೆ ಕೋಮುಗಲಭೆಯಲ್ಲಿ ಬೆಂದಿತು, 1996ರ ಏಪ್ರಿಲ್‌ನಲ್ಲಿ ಚುನಾವಣೆಯ ಹೊಸ್ತಿಲಲ್ಲೇ ಭಟ್ಕಳದ ಭಾರತೀಯ ಜನತಾ ಪಕ್ಷದ ಶಾಸಕ ಡಾ. ಯು. ಚಿತ್ತರಂಜನ್ ಅವರ ಹತ್ಯೆಯಾಯಿತು. ಅದೇ ಪಕ್ಷದ, ಇನ್ನೂ ಮೂವತ್ತು ದಾಟದ ಅನಂತಕುಮಾರ ಹೆಗಡೆ ಆ ವರ್ಷ ಗೆದ್ದರು, 1998ರಲ್ಲಿ ಮತ್ತೆ ಗೆದ್ದರು. ಕ್ಷೇತ್ರದ ದೊಡ್ಡ ಪ್ರಶ್ನೆ ಧರ್ಮದ ಗುರುತಿನ ಕಡೆಗೆ ತಿರುಗಿತ್ತು. ಇದರಿಂದ ಜಿಲ್ಲೆಗೆ ಒಳ್ಳೆಯದಾಯಿತೆಂದು ನಾನು ನಂಬುವುದಿಲ್ಲ. ಆದರೆ ಆ ತಿರುವನ್ನು ಬರಿಯ ಭಾಷಣಗಳ ಫಲವೆಂದು ತಳ್ಳಿಹಾಕುವುದು ಕರಾವಳಿಯ ಆ ವರ್ಷಗಳ ಭಯವನ್ನು ಅರಿಯದವರ ಮಾತು.

ನಡುವೆ ಒಂದೇ ಅಪವಾದ. ವಿಧಾನಸಭೆ ಮತ್ತು ಲೋಕಸಭೆಗಳಿಗೆ ಒಟ್ಟಿಗೆ ಮತದಾನ ನಡೆದು, ಎಸ್.ಎಂ. ಕೃಷ್ಣ ಅವರ ನೇತೃತ್ವದಲ್ಲಿ ಕಾಂಗ್ರೆಸ್ ರಾಜ್ಯದಲ್ಲಿ ಅಧಿಕಾರಕ್ಕೆ ಬಂದ 1999ರಲ್ಲಿ, ಜೋಕಿಮ್ ಆಳ್ವರ ಸೊಸೆ ಮಾರ್ಗರೆಟ್ ಆಳ್ವ ಇಲ್ಲಿ ಗೆದ್ದರು. 2004ರಲ್ಲಿ ಕ್ಷೇತ್ರ ಮತ್ತೆ ಹೆಗಡೆಯವರ ಕೈ ಸೇರಿ, 2009ರಲ್ಲಿ 22 ಸಾವಿರದಷ್ಟಿದ್ದ ಗೆಲುವಿನ ಅಂತರ 2014ರಲ್ಲಿ 1.40 ಲಕ್ಷಕ್ಕೆ, 2019ರಲ್ಲಿ 4.79 ಲಕ್ಷಕ್ಕೆ ಏರಿತು. 2019ರ ಅಂಕಿಯನ್ನು ಉಲ್ಲೇಖಿಸುವವರು ಒಂದು ಸಂಗತಿಯನ್ನು ಮರೆಯುತ್ತಾರೆ: ಮೈತ್ರಿಯ ಲೆಕ್ಕದಲ್ಲಿ ಕ್ಷೇತ್ರ ಜಾತ್ಯತೀತ ಜನತಾದಳಕ್ಕೆ ಹೋಗಿ, ಮತಯಂತ್ರದ ಮೇಲೆ ಕೈ ಗುರುತೇ ಇರಲಿಲ್ಲ.

ಇಲ್ಲಿಯ ಮತದಾರರಿಗೆ ಸೋಲಿಸಲು ಗೊತ್ತಿಲ್ಲ ಎನ್ನುವವರು ವಿಧಾನಸಭೆಯ ಫಲಿತಾಂಶಗಳನ್ನು ನೋಡಬೇಕು. ಈ ಲೋಕಸಭಾ ಕ್ಷೇತ್ರದಲ್ಲಿ ಜಿಲ್ಲೆಯ ಹಳಿಯಾಳ, ಕಾರವಾರ, ಕುಮಟಾ, ಭಟ್ಕಳ, ಶಿರಸಿ, ಯಲ್ಲಾಪುರಗಳ ಜೊತೆಗೆ ಬೆಳಗಾವಿ ಜಿಲ್ಲೆಯ ಖಾನಾಪುರ ಮತ್ತು ಕಿತ್ತೂರುಗಳಿವೆ. 2013ರಲ್ಲಿ ಕಾರವಾರವೂ ಭಟ್ಕಳವೂ ಪಕ್ಷೇತರರನ್ನು ಗೆಲ್ಲಿಸಿದವು, 2018ರಲ್ಲಿ ಅವರಿಬ್ಬರನ್ನೂ ಸೋಲಿಸಿದವು, 2023ರಲ್ಲಿ ಅದೇ ಇಬ್ಬರನ್ನು ಕಾಂಗ್ರೆಸ್ ಅಭ್ಯರ್ಥಿಗಳಾಗಿ ಮರಳಿ ಆರಿಸಿದವು. ಖಾನಾಪುರವಂತೂ ಮೂರು ಚುನಾವಣೆಗಳಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿ, ಕಾಂಗ್ರೆಸ್, ಭಾರತೀಯ ಜನತಾ ಪಕ್ಷ ಎಂದು ಮೂರು ಕಡೆ ಹೊರಳಿತು. ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಭಾರತೀಯ ಜನತಾ ಪಕ್ಷದ ವಿಶ್ವೇಶ್ವರ ಹೆಗಡೆ ಕಾಗೇರಿಯವರದು. ವಿಧಾನಸಭೆಯ ಸ್ಪೀಕರ್ ಆಗಿದ್ದ ಅವರನ್ನು 2023ರ ಮೇ ತಿಂಗಳಲ್ಲಿ ಶಿರಸಿಯ ಮತದಾರರು ಎಂಟು ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಎಂಟರಲ್ಲಿ ಐದು ಸ್ಥಾನ ಕಾಂಗ್ರೆಸ್ಸಿಗೆ ಹೋದವು. ಮರುವರ್ಷ ಅನಂತಕುಮಾರ ಹೆಗಡೆಯವರಿಗೆ ಟಿಕೆಟ್ ತಪ್ಪಿ ಕಾಗೇರಿಯವರೇ ಲೋಕಸಭೆಗೆ ನಿಂತಾಗ, ಖಾನಾಪುರದ ಮಾಜಿ ಶಾಸಕಿ ಅಂಜಲಿ ನಿಂಬಾಳ್ಕರ್ ವಿರುದ್ಧ 3.37 ಲಕ್ಷ ಮತಗಳ ಅಂತರದಿಂದ ಗೆದ್ದರು. ವರ್ಷದೊಳಗೆ ಜನರ ಬುದ್ಧಿ ಬದಲಾಯಿತೆಂದು ಇದನ್ನು ವಿವರಿಸಲಾಗದು. ಅವರು ಎರಡು ಬೇರೆ ಪ್ರಶ್ನೆಗಳಿಗೆ ಎರಡು ಬೇರೆ ಉತ್ತರ ಕೊಟ್ಟರು.

ಈ ವಿಂಗಡಣೆಗೆ ಕ್ಷೇತ್ರದ ಸ್ವರೂಪವೂ ಕಾರಣ. ಘಟ್ಟದ ಕೆಳಗಿನ ಮೀನುಗಾರರು, ಘಟ್ಟದ ಮೇಲಿನ ಅಡಿಕೆ ತೋಟಿಗರು, ಹಳಿಯಾಳ–ಮುಂಡಗೋಡಿನ ಬಯಲು ರೈತರು, ಜೊಯಿಡಾದ ಕಾಡಿನ ಕುಣಬಿಗಳು, ಖಾನಾಪುರದ ಮರಾಠಿಗರು, ಇವರೆಲ್ಲರಿಗೂ ಸಮಾನವಾದ ಒಂದು ದಿನನಿತ್ಯದ ಬೇಡಿಕೆಯನ್ನು ಹುಡುಕುವುದು ಕಷ್ಟ. ಆಸ್ಪತ್ರೆಯ ಬೇಡಿಕೆಯೂ ಹಂಚಿಹೋಗಿದೆ: ಭಟ್ಕಳದವರಿಗೆ ಮಣಿಪಾಲ, ಕಾರವಾರದವರಿಗೆ ಗೋವಾ, ಯಲ್ಲಾಪುರದವರಿಗೆ ಹುಬ್ಬಳ್ಳಿ ಹತ್ತಿರ. ಎಲ್ಲರನ್ನೂ ಒಟ್ಟಿಗೆ ತಟ್ಟುವ ಮಾತು ಬೇಕೆಂದರೆ ಅದು ದೇಶದ್ದೋ ಧರ್ಮದ್ದೋ ಆಗಿಬಿಡುತ್ತದೆ.

ಹಾಗಿದ್ದರೂ ಎಲ್ಲ ತಾಲ್ಲೂಕುಗಳಿಗೂ ಸೇರಿದ ಒಂದು ಸಂಗತಿ ಇದೆ, ಮತ್ತು ಅದು ನೇರವಾಗಿ ಸಂಸತ್ತಿಗೆ ಸಂಬಂಧಿಸಿದ್ದು. ಜಿಲ್ಲೆಯ ಬಹುಭಾಗ ಅರಣ್ಯ; ಅದರ ಅಂಚಿನಲ್ಲಿ ಮನೆ ಕಟ್ಟಿ ಗುಂಟೆ, ಎಕರೆಗಳಲ್ಲಿ ಸಾಗುವಳಿ ಮಾಡಿದ ಸಾವಿರಾರು ಕುಟುಂಬಗಳಿಗೆ ಕಡತದಲ್ಲಿರುವ ಹೆಸರು ‘ಅತಿಕ್ರಮಣದಾರರು’. ಸಂಸತ್ತು 2006ರಲ್ಲಿ ಅಂಗೀಕರಿಸಿದ ಅರಣ್ಯಹಕ್ಕು ಕಾಯ್ದೆಯ ಪ್ರಕಾರ, ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೆ ಮೊದಲಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸಕ್ಕೆ ಸಾಕ್ಷ್ಯ ಒದಗಿಸಬೇಕು. ಲೆಕ್ಕ ಹಾಕಿದರೆ ಅದು 1930ಕ್ಕೆ ಹೋಗಿ ನಿಲ್ಲುತ್ತದೆ. ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ವರ್ಷವದು. ಅಕ್ಷರ ಬಾರದ ಅಜ್ಜನ ಕಾಲದ ಯಾವ ರಸೀತಿಯನ್ನು ಒಂದು ಹಾಲಕ್ಕಿ ಕುಟುಂಬ ಉಪವಿಭಾಗ ಮಟ್ಟದ ಸಮಿತಿಯ ಮುಂದೆ ಇಡಬೇಕು?

ಗೇಣಿ ಶಾಸನ ರಾಜ್ಯದ್ದಾಗಿದ್ದಾಗ ಭೂಮಿಯ ಪ್ರಶ್ನೆ ಇಲ್ಲಿ ಸಂಸದರನ್ನು ಗೆಲ್ಲಿಸಿತು. ಭೂಮಿಯ ಶಾಸನವೇ ದೆಹಲಿಯದಾಗಿರುವ ಈಗ, ಆ ಪ್ರಶ್ನೆಯನ್ನು ಹಿಡಿದು ಜನ ಹೋಗುವುದು ಶಾಸಕರ ಮನೆಗೆ. ಆದ್ದರಿಂದ ನನ್ನನ್ನು ಕೇಳುವವರಿಗೆ ನಾನು ಹೇಳುವುದಿಷ್ಟೆ: ಈ ಕ್ಷೇತ್ರ ಮುಂದೆ ಯಾವಾಗ ಬದಲಾದೀತೆಂದು ತಿಳಿಯಬೇಕಿದ್ದರೆ ಅಭ್ಯರ್ಥಿಗಳ ಪಟ್ಟಿಗಿಂತ ಮೊದಲು ಅರಣ್ಯಹಕ್ಕು ಅರ್ಜಿಗಳು ಎಲ್ಲಿಗೆ ಬಂದು ನಿಂತಿವೆ ಎಂಬುದನ್ನು ವಿಚಾರಿಸಿ, ಮತ್ತು ಮುಂದಿನ ಲೋಕಸಭಾ ಚುನಾವಣೆಯ ಪ್ರಚಾರಸಭೆಯಲ್ಲಿ ಆ 75 ವರ್ಷಗಳ ಷರತ್ತಿನ ಬಗ್ಗೆ ಯಾರಾದರೂ ಎದ್ದುನಿಂತು ಕೇಳುತ್ತಾರೆಯೇ ಎಂದು ನೋಡಿ.