ಬೇಲಿ ಇಲ್ಲದ ಕಡೆ ಕುಡು ಹಿಂದೆ

ಸುರುಳಿ ಕೊಂಬಿನ ದೊಡ್ಡ ಹುಲ್ಲೆ ಕುಡುವಿನ ಬೇಟೆಗೆ ನಮೀಬಿಯಾಕ್ಕೆ ಹೋಗುತ್ತೇನೆ ಅಂದಾಗ ಊರಿನಿಂದ ಅಣ್ಣ ಫೋನಲ್ಲೇ ಬೈದ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನೆರಳಲ್ಲಿ ಬೆಳೆದವರು ನಾವು, ಅವನ ಸಿಟ್ಟು ಸಹಜವೇ ಅಲ್ವಾ.

ಅಲ್ಲಿ ಬೇಲಿ ಹಾಕಿದ ಫಾರ್ಮ್‌ಗಳು ಬೇಕಾದಷ್ಟಿವೆ. ಪ್ರಾಣಿ ಎಷ್ಟು ಓಡಿದರೂ ತಂತಿಯ ಹತ್ತಿರ ನಿಲ್ಲಲೇಬೇಕು. ನನಗದು ಬೇಡವಾಗಿತ್ತು. 1998ರಲ್ಲಿ ಶುರುವಾದ ನ್ಯಾಯೆ ನ್ಯಾಯೆ ಕನ್ಸರ್ವೆನ್ಸಿ, ಅಂದರೆ ಸ್ಥಳೀಯರೇ ನೋಡಿಕೊಳ್ಳುವ ವನ್ಯಜೀವಿ ಪ್ರದೇಶ, ಆರಿಸಿಕೊಂಡೆ. ಅದು ಅಲ್ಲಿನ ಮೂಲನಿವಾಸಿಗಳಾದ ಸಾನ್ ಜನರ ನೆಲ, ಬೇಟೆಯ ದುಡ್ಡಲ್ಲಿ ಅವರಿಗೂ ಪಾಲು, ಮಾಂಸವೂ ಅವರ ಒಲೆಗೆ.

ಮೂರು ದಿನ ಒಂದು ಗಂಡು ಕುಡುವಿನ ಹೆಜ್ಜೆ ಹಿಡಿದು ನಡೆದೆವು. ಜೊತೆಗಿದ್ದ ಹಿರಿಯರು ಹೆಜ್ಜೆಯ ಅಂಚಿನ ಮರಳು ಮುಟ್ಟಿ ನೋಡುತ್ತಿದ್ದರು, ಬೂದಿಯ ಪುಟ್ಟ ಚೀಲ ಅಲ್ಲಾಡಿಸಿ ಗಾಳಿ ಯಾವ ಕಡೆ ಅಂತ ಹೇಳುತ್ತಿದ್ದರು. ಕೊನೆಗೆ ಕಂಡಿತು, ಆದರೆ ಗಾಳಿ ತಿರುಗಿತು, ನಾಯಿ ಥರ ಒಮ್ಮೆ ಬೊಗಳಿ ಪೊದೆಯೊಳಗೆ ಮಾಯ!

ದಿನದ ಶುಲ್ಕ ಹೋಯಿತು, ಹೊಡೆದರೆ ಕೊಡಬೇಕಿದ್ದ ಪ್ರಾಣಿಯ ಶುಲ್ಕ ಉಳಿಯಿತು. ಕಾಲಿನ ತುಂಬ ಮುಳ್ಳು. ಮುಂದಿನ ವರ್ಷ ಮತ್ತೆ ಅಲ್ಲಿಗೇ, ಅಣ್ಣನಿಗೆ ಇನ್ನೂ ಹೇಳಿಲ್ಲ.